ಚಿನ್ನದ ಪದಕ ಕೊಟ್ಟವರೇ ಜೈಲಿಗೂ ಹಾಕಿದರು

ಇರಾನಿನ ನಿರ್ದೇಶಕ ಜಾಫರ್ ಪನಾಹಿ ಹೆಸರು ಕೆಲವರಾದ್ರೂ ಕೇಳಿರ್ತೀರ. 2010ರಲ್ಲಿ ಅಲ್ಲಿನ ಕೋರ್ಟು ಅವರಿಗೆ 6 ವರ್ಷ ಜೈಲು ವಿಧಿಸಿ, 20 ವರ್ಷ ಸಿನಿಮಾ ಮಾಡಬಾರದು ಅಂತ ಹೇಳಿತು. ಅವರು ಮನೆಯೊಳಗೇ ಸಿನಿಮಾ ಮಾಡಿದರು, ಕಾರೊಳಗೂ ಮಾಡಿದರು. ‘ಅದು ಇರಾನ್ ಬಿಡ್ರೋ’ ಅನ್ನೋ ಮುಂಚೆ ನಮ್ಮ ಕನ್ನಡದ್ದೇ ಒಂದು ಕಥೆ ಓದಿ.

👉 1970. ಅನಂತಮೂರ್ತಿಯವರ ಕಾದಂಬರಿ ಇಟ್ಕೊಂಡು ಪಟ್ಟಾಭಿರಾಮ ರೆಡ್ಡಿ ‘ಸಂಸ್ಕಾರ’ ತೆಗೆದರು. ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ. ಚಂದ್ರಿಯಾಗಿ ನಟಿಸಿದ್ದು ನಿರ್ದೇಶಕರ ಹೆಂಡತಿ ಸ್ನೇಹಲತಾ ರೆಡ್ಡಿ. ಜಾತಿಯ ವಿಷಯ ಗಲಾಟೆಗೆ ದಾರಿ ಅಂತ ಮದ್ರಾಸಿನ ಸೆನ್ಸಾರ್ ಮಂಡಳಿ ನಿಷೇಧ ಹಾಕಿತು. ಆಮೇಲೆ ಕೇಂದ್ರ ಸರ್ಕಾರ ನಿಷೇಧ ತೆಗೀತು. ಅಷ್ಟೇ ಅಲ್ಲ, ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿ ಚಿನ್ನದ ಪದಕನೂ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

👉 ಆಗ ಪ್ರಧಾನಿ ಇಂದಿರಾ ಗಾಂಧಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದ್ದೂ ಅವರ ಸರ್ಕಾರವೇ. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಈ ದಂಪತಿಯ ಸ್ನೇಹಿತರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಿದರು.

👉 ಬೆಂಗಳೂರು ಸೆಂಟ್ರಲ್ ಜೈಲಲ್ಲಿ ಎಂಟು ತಿಂಗಳು. ಜೊತೆಗೆ ಆಸ್ತಮಾ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಆದ್ರೂ ಉಳಿದ ಹೆಣ್ಣು ಕೈದಿಗಳ ಪರ ದನಿ ಎತ್ತಿದರು, ಡೈರಿ ಬರೆದರು. ಕೊನೆಯ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ! ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. ಐದೇ ದಿನ. ಜನವರಿ 20ಕ್ಕೆ ತೀರಿಕೊಂಡರು.

👉 ಪಟ್ಟಾಭಿ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ತುರ್ತು ಪರಿಸ್ಥಿತಿಯ ಕಾಲದ ಬಗ್ಗೆಯೇ ‘ಚಂಡಮಾರುತ’ ಮಾಡಿದರು.

ಸಿನಿಮಾ ಮೇಲಿನ ನಿಷೇಧವನ್ನ ಒಂದು ಆದೇಶದಲ್ಲಿ ವಾಪಸ್ ತಗೋಬಹುದು. ಜೈಲಲ್ಲಿ ಹೋದ ಜೀವನ ಯಾವ ಆದೇಶ ವಾಪಸ್ ತರುತ್ತೆ? ಪದಕ ಕೊಟ್ಟ ಕೈ ಯಾವಾಗಲೂ ಕಾಯುತ್ತೆ ಅಂತ ನಂಬಬಾರದು ಅನ್ನೋದು ಇದಕ್ಕೇ.

ತಿಪಟೂರಲ್ಲಿ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಆ ಜೈಲಿದ್ದ ಜಾಗ ಹತ್ತಿರವೇ. ಈಗ ಅದು ಫ್ರೀಡಂ ಪಾರ್ಕ್. ನಾಳೆ ಕೊಬ್ಬರಿ ಬೆಲೆ ಬಿದ್ದು ನಮ್ಮ ತುರುವೇಕೆರೆ, ಚಿಕ್ಕನಾಯಕನಹಳ್ಳಿ ರೈತರು ರಾಜಧಾನೀಲಿ ಧರಣಿ ಕೂರಬೇಕಾದ್ರೂ ಜಾಗ ಅದೇ. ಹೋದಾಗ ಚಂದ್ರಿಯನ್ನ ನೆನೆಸ್ಕೊಳ್ಳಿ.

ಮುಂದಿನ ಭಾಗ: ಪ್ರಿಂಟನ್ನೇ ನಾಶ ಮಾಡಿದ ‘ಕಿಸ್ಸಾ ಕುರ್ಸಿ ಕಾ’. ಸೇವ್ ಮಾಡ್ಕೊಳ್ಳಿ, ಕ್ಲಾಸಿನವರಿಗೂ ಕಳಿಸಿ 🥥

#ಸಂಸ್ಕಾರ #ಸ್ನೇಹಲತಾರೆಡ್ಡಿ #ತಿಪಟೂರು