ಕುದುರೆಯ ಒಡೆಯನಿಗೊಂದು ಶಾಸ್ತ್ರ: ಕನ್ನಡದ ‘ಅಶ್ವವೈದ್ಯ’ದ ಹಿನ್ನೆಲೆ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ವೈದ್ಯಗ್ರಂಥಗಳ ಪರಂಪರೆ ದೀರ್ಘವಾದುದು. ಸುಮಾರು 1125ರಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1360ರಲ್ಲಿ ಒಂದನೆಯ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನು. ಮೂವರೂ ಜೈನರು. ಸಾಹಿತ್ಯ ಚರಿತ್ರೆಗಳಲ್ಲಿ ಕೊನೆಯ ಕೃತಿಗೆ ದೊರೆತಿರುವುದು ಹೆಚ್ಚೆಂದರೆ ಒಂದೆರಡು ಸಾಲು. ಕುದುರೆಯ ರೋಗ ಮತ್ತು ಮದ್ದಿನ ವಿಚಾರ ಆ ಕಾಲದಲ್ಲಿ ಕನ್ನಡಕ್ಕೆ ಏಕೆ ಬೇಕಾಯಿತು? ಉತ್ತರವನ್ನು ಕಾವ್ಯಸಭೆಗಳಲ್ಲಿ ಹುಡುಕುವುದಕ್ಕಿಂತ ಬಂದರುಗಳಲ್ಲಿ ಮತ್ತು ಲಾಯಗಳಲ್ಲಿ ಹುಡುಕುವುದು ಯುಕ್ತ.

ಮಧ್ಯಯುಗದ ದಕ್ಷಿಣ ಭಾರತಕ್ಕೆ ಉತ್ತಮ ಯುದ್ಧಾಶ್ವಗಳು ಬರುತ್ತಿದ್ದುದು ಸಮುದ್ರದ ಆಚೆಯಿಂದ. ಹೊರ್ಮುಜ್, ಧೋಫಾರ್, ಏಡನ್ ಮುಂತಾದ ರೇವುಗಳಿಂದ ಹಡಗುಗಳಲ್ಲಿ ಕುದುರೆಗಳು ಬಂದಿಳಿಯುತ್ತಿದ್ದವು. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಪಾಂಡ್ಯರಾಜ್ಯವನ್ನು ಕಂಡ ಮಾರ್ಕೊ ಪೋಲೊ ಇದನ್ನು ಕುರಿತು ಬರೆದಿದ್ದಾನೆ. ಅಲ್ಲಿಯ ಅರಸನು ವರ್ಷಕ್ಕೆ ಎರಡು ಸಾವಿರಕ್ಕೂ ಮಿಗಿಲಾಗಿ ಕುದುರೆಗಳನ್ನು ಕೊಳ್ಳುತ್ತಿದ್ದನು. ವರ್ಷ ಮುಗಿಯುವ ಹೊತ್ತಿಗೆ ಅವುಗಳಲ್ಲಿ ನೂರು ಉಳಿಯುತ್ತಿರಲಿಲ್ಲ. ಕುದುರೆಯನ್ನು ಸಾಕುವ ಬಗೆ ಅಲ್ಲಿನವರಿಗೆ ತಿಳಿಯದು, ಅಶ್ವವೈದ್ಯರೂ ಇಲ್ಲ ಎಂಬುದು ಅವನು ಕೊಡುವ ಕಾರಣ. ಅದಕ್ಕಿಂತ ಕಠೋರವಾದ ಮಾತೊಂದನ್ನೂ ಅವನು ಸೇರಿಸುತ್ತಾನೆ: ವ್ಯಾಪಾರಿಗಳು ತಮ್ಮೊಡನೆ ಅಶ್ವವೈದ್ಯರನ್ನು ಕರೆತರುತ್ತಿರಲಿಲ್ಲ, ಬೇರೆಯವರು ಬರುವುದಕ್ಕೂ ಬಿಡುತ್ತಿರಲಿಲ್ಲ. ಕುದುರೆ ಸತ್ತರೆ ತಾನೆ ಹೊಸ ಕುದುರೆಗೆ ಗಿರಾಕಿ!

ಪರದೇಶದ ಪ್ರವಾಸಿಯ ಉತ್ಪ್ರೇಕ್ಷೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ತುಸು ಕಾಲದ ಅನಂತರ ಬರೆದ ಪಾರಸಿಕ ಇತಿಹಾಸಕಾರ ವಸ್ಸಾಫ್‌ನೂ ಇಂತಹುದೇ ಚಿತ್ರವನ್ನು ಕೊಡುತ್ತಾನೆ. ಬಂದಿಳಿದ ಕುದುರೆಗಳಿಗೆ ಹಸಿಯ ಜವೆಗೋದಿಯ ಬದಲು ಹುರಿದ ಜವೆಗೋದಿಯನ್ನೂ ಬೆಣ್ಣೆಯಲ್ಲಿ ಬೇಯಿಸಿದ ಧಾನ್ಯವನ್ನೂ ಕಾಯಿಸಿದ ಹಸುವಿನ ಹಾಲನ್ನೂ ಕೊಡುತ್ತಿದ್ದರಂತೆ. ನಲವತ್ತು ದಿನ ಗೂಟಕ್ಕೆ ಕಟ್ಟಿ ಕೊಬ್ಬಿಸಿ, ಆಮೇಲೆ ತಕ್ಕ ಶಿಕ್ಷಣವಿಲ್ಲದೆಯೇ ಅವುಗಳ ಮೇಲೆ ಸವಾರಿ ಮಾಡುತ್ತಿದ್ದರಂತೆ. ಇಲ್ಲಿ ಕಾಣುವುದು ಕ್ರೌರ್ಯವಲ್ಲ, ತಿಳಿವಳಿಕೆಯಿಲ್ಲದ ಅಕ್ಕರೆ. ಚಿನ್ನ ಕೊಟ್ಟು ತಂದ ಪ್ರಾಣಿಗೆ ಮನೆಯ ಅತ್ಯುತ್ತಮ ಆಹಾರವನ್ನೇ ಬಡಿಸಿ, ಅದರಿಂದಲೇ ಅದನ್ನು ಕೆಡಿಸಿದ ದುರಂತವಿದು.

ಹಾಗಾದರೆ ಈ ನೆಲದಲ್ಲಿ ಅಶ್ವಶಾಸ್ತ್ರವೇ ಇರಲಿಲ್ಲವೆ? ಇದ್ದಿತು. ಶಾಲಿಹೋತ್ರನ ಹೆಸರಿನ ಸಂಹಿತೆ, ನಕುಲನ ಹೆಸರಿನ ಚಿಕಿತ್ಸಾಗ್ರಂಥ, ಜಯದತ್ತನ ‘ಅಶ್ವವೈದ್ಯಕ’ ಇವೆಲ್ಲವೂ ಸಂಸ್ಕೃತದಲ್ಲಿವೆ. ಹಲ್ಲು ನೋಡಿ ವಯಸ್ಸು ತಿಳಿಯುವುದು, ಸುಳಿ ನೋಡಿ ಶುಭಾಶುಭವನ್ನು ಹೇಳುವುದು, ಋತುವಿಗೆ ತಕ್ಕ ಮೇವು, ರೋಗಲಕ್ಷಣ, ಚಿಕಿತ್ಸೆ ಇವು ಆ ಪರಂಪರೆಯ ವಿಷಯಗಳು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಕುದುರೆಯ ವಿಚಾರವನ್ನು ವಿಸ್ತಾರವಾಗಿ ಹೇಳುತ್ತದೆ. ಆದುದರಿಂದ ಕೊರತೆಯಿದ್ದುದು ಶಾಸ್ತ್ರದ್ದಲ್ಲ. ಶಾಸ್ತ್ರವು ಓಲೆಗರಿಯಲ್ಲಿರುವುದು ಬೇರೆ, ಕುದುರೆಯ ಹಗ್ಗ ಹಿಡಿದವನ ತಿಳಿವಿನಲ್ಲಿರುವುದು ಬೇರೆ.

ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರ ಮತ್ತು ಬಹಮನಿ ರಾಜ್ಯಗಳು ಎದುರುಬದುರಾಗಿ ನಿಂತ ಮೇಲೆ ಈ ಅಂತರವು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಯಿತು. ಬಹಮನಿಗಳ ಗೆಲುವಿಗೆ ಅವರ ಬಲಿಷ್ಠ ಕುದುರೆಗಳೂ ಬಿಲ್ಲುಗಾರರೂ ಕಾರಣವೆಂದು ಇಮ್ಮಡಿ ದೇವರಾಯನ ಸಭೆಯಲ್ಲಿ ವಿಚಾರ ನಡೆದುದನ್ನು ಫೆರಿಶ್ತಾ ದಾಖಲಿಸಿದ್ದಾನೆ. ಸಾಳುವ ನರಸಿಂಹನು ಕಡಲ ದಾರಿಯಲ್ಲಿ ಸತ್ತ ಕುದುರೆಗೂ ಬಾಲವನ್ನು ತಂದು ತೋರಿಸಿದರೆ ಪೂರ್ಣ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದನೆಂಬುದೂ ಅವನದೇ ಹೇಳಿಕೆ. ಈ ಕೊನೆಯ ಮಾತು ಗಮನಾರ್ಹವಾದುದು. ಕುದುರೆಯು ಅರಮನೆಯ ಲಾಯದಿಂದ ಹೊರಬಿದ್ದು ನೂರಾರು ಒಡೆಯರ ಕೈಗೆ ಹಂಚಿಹೋಗುತ್ತಿತ್ತು. ಅರಮನೆಯಲ್ಲಿ ಸಂಸ್ಕೃತ ಬಲ್ಲ ವೈದ್ಯನಿರಬಹುದು. ದೂರದ ಠಾಣ್ಯದಲ್ಲಿದ್ದ ನಾಯಕನಿಗೂ ರಾವುತನಿಗೂ ಬೇಕಾದುದು ತನ್ನ ನುಡಿಯಲ್ಲಿರುವ ಮದ್ದಿನ ಪುಸ್ತಕ.

ಈ ಹಿನ್ನೆಲೆಯಲ್ಲಿ ಅಭಿನವಚಂದ್ರನ ಕೃತಿಯನ್ನು ಇಟ್ಟು ನೋಡಿದರೆ ಅದು ಒಂಟಿ ಪ್ರಯತ್ನವಾಗಿ ಕಾಣುವುದಿಲ್ಲ. ಬಹಮನಿ ಆಸ್ಥಾನದಲ್ಲಿಯೂ ಅಬ್ದುಲ್ಲಾ ಬಿನ್ ಸಫಿ ಎಂಬವನು ಶಾಲಿಹೋತ್ರವನ್ನು ಪಾರಸಿ ಭಾಷೆಗೆ ತಂದನು. ರಣರಂಗದಲ್ಲಿ ಶತ್ರುಗಳಾದ ಎರಡು ನಾಡುಗಳು ಲಾಯದಲ್ಲಿ ಒಬ್ಬನೇ ಋಷಿಯ ಶಿಷ್ಯರಾದವು. ಎರಡೂ ಕಡೆ ನಡೆದುದು ಒಂದೇ ಕೆಲಸ: ವಿದ್ಯೆಯನ್ನು ಪಂಡಿತನಿಂದ ಬಳಸುವವನ ಭಾಷೆಗೆ ತಲುಪಿಸುವುದು. ಜೈನಪರಂಪರೆಯು ಹೇಳುವ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಶಾಸ್ತ್ರದಾನವೂ ಸೇರಿವೆ. ದೇಶಭಾಷೆಯ ಪಶುವೈದ್ಯಗ್ರಂಥದಲ್ಲಿ ಇವೆರಡೂ ಒಂದಾಗಿವೆ.

ಇಂತಹ ಗ್ರಂಥಗಳಿಂದ ಎಷ್ಟು ಕುದುರೆಗಳು ಬದುಕಿದವೆಂದು ಯಾವ ಶಾಸನವೂ ಲೆಕ್ಕವಿಟ್ಟಿಲ್ಲ. ಆದರೆ ಒಂದು ಶಬ್ದವು ಸಾಕ್ಷಿಯಾಗಿ ಉಳಿದಿದೆ. ಬ್ರಿಟಿಷ್ ಕಾಲದ ಅಶ್ವದಳಗಳಲ್ಲಿ ಕುದುರೆಗೆ ಮದ್ದು ಮಾಡುತ್ತಿದ್ದ ಭಾರತೀಯನನ್ನು ‘ಸಾಲೋತ್ರಿ’ ಎನ್ನುತ್ತಿದ್ದರು. ಅದು ಶಾಲಿಹೋತ್ರನ ಹೆಸರೇ. ಋಷಿಯ ಹೆಸರು ಲಾಯದ ಆಳಿನ ಕಸುಬಿನ ಹೆಸರಾಗಿ ಇಳಿದುಬಂದುದನ್ನು ಶಾಸ್ತ್ರದ ಅವನತಿಯೆಂದು ಭಾವಿಸಬೇಕಾಗಿಲ್ಲ. ವ್ಯಾಪಾರಿಗಳು ತಡೆದ ವಿದ್ಯೆ ಕಡೆಗೂ ಕುದುರೆಯ ಬಳಿಗೆ ಬಂದು ತಲುಪಿತೆಂಬುದನ್ನೇ ಅದು ಸೂಚಿಸುತ್ತದೆ.