ಭೋಗ ಮತ್ತು ಸ್ವಾಮ್ಯ

ಪರರ ಹೊಲವನ್ನು ಬಹುಕಾಲ ಉಳುತ್ತ ಬಂದವನಿಗೆ ಆ ಹೊಲವೇ ಸಲ್ಲುವುದೆ? ವಾಚಕರು ಇದನ್ನು ಆಂಗ್ಲರು ತಂದ ಪ್ರಶ್ನೆಯೆಂದು ಭಾವಿಸಬಾರದು. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೇ ಇದರ ವಿಚಾರವಿದೆ: ಒಡೆಯನು ಕಣ್ಣಾರೆ ಕಂಡೂ ತಡೆಯದೆ ಸುಮ್ಮನಿದ್ದರೆ ಭೂಮಿಗೆ 20 ವರ್ಷಗಳಲ್ಲಿ, ಚರಸ್ವತ್ತಿಗೆ 10 ವರ್ಷಗಳಲ್ಲಿ ಹಾನಿಯುಂಟು. ಒತ್ತೆ, ನಿಕ್ಷೇಪ, ಬಾಲಕರ ಮತ್ತು ಸ್ತ್ರೀಯರ ಧನ ಮುಂತಾದವುಗಳಿಗೆ ಈ ನಿಯಮವಿಲ್ಲ.

ಹಾನಿಯೆಂದರೆ ಯಾವುದರ ಹಾನಿ? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿಯೇ ನಿಂತು ವಿಚಾರಿಸಿದನು. ನಷ್ಟವಾಗುವುದು ಕಳೆದ ವರ್ಷಗಳ ಫಲವೇ ಹೊರತು ಭೂಮಿಯಲ್ಲ; ಸುಮ್ಮನಿದ್ದ ಮಾತ್ರಕ್ಕೆ ಸ್ವಾಮ್ಯವು ಅಳಿಯದು, ಭೋಗಿಸಿದ ಮಾತ್ರಕ್ಕೆ ಹುಟ್ಟದು ಎಂಬುದು ಅವನ ನಿರ್ಣಯ. ಬೆಳೆ ಉಂಡವನನ್ನು ಕಾಡದೆ ಹೊಲವನ್ನು ಒಡೆಯನಿಗೇ ಉಳಿಸಿದ ಈ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ.

1963ರ ಕಾಲಪರಿಮಿತಿ ಕಾಯಿದೆಯು ಬೇರೆ ದಾರಿ ಹಿಡಿದಿದೆ. ಒಡೆಯನ ಹಕ್ಕಿಗೆ ಪ್ರತಿಕೂಲವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಸ್ವಾಧೀನವಿದ್ದರೆ ಅವನ ಹಕ್ಕೇ ಅಳಿಯುತ್ತದೆ. ಸರಕಾರಿ ಭೂಮಿಗೆ 30 ವರ್ಷ. ಅನುಮತಿ ಪಡೆದು ಇದ್ದವನ ಸ್ವಾಧೀನವು ಪ್ರತಿಕೂಲವೆನಿಸದು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಧಿಯನ್ನು ತರ್ಕಹೀನವೆಂದು ಕರೆದು ಪುನರ್ವಿಚಾರಕ್ಕೆ ಸೂಚಿಸಿತು. 2023ರಲ್ಲಿ ಕಾನೂನು ಆಯೋಗವು ಬದಲಾವಣೆ ಬೇಡವೆಂದಿತು. ದುಡಿಯಲು ಊರು ಬಿಟ್ಟು ಹೋದವರ ಹೊಲಗಳು ಈಗಲೂ ಆ 12 ವರ್ಷಗಳ ಲೆಕ್ಕದಲ್ಲಿಯೇ ಇವೆ.