ಟರ್ಬೋಚಾರ್ಜರ್ ಗಾತ್ರದ ಆಯ್ಕೆ

ಟರ್ಬೋಚಾರ್ಜರ್ ಗಾತ್ರದ ಆಯ್ಕೆ ಎಂದರೆ ಒಂದು ಎಂಜಿನ್ನಿಗೆ ಬೇಕಾಗುವ ಗಾಳಿಯ ಪ್ರಮಾಣ, ಅದರ ವೇಗದ ವ್ಯಾಪ್ತಿ ಮತ್ತು ಅದು ಓಡುವ ಪ್ರದೇಶದ ಹವೆ ಇವುಗಳಿಗೆ ಹೊಂದುವ ಕಂಪ್ರೆಸರ್ ಹಾಗೂ ಟರ್ಬೈನ್‌ಗಳನ್ನು ಲೆಕ್ಕಹಾಕಿ ನಿರ್ಧರಿಸುವ ಕ್ರಮ. ನಿಮಿಷಕ್ಕೆ 7,000ಕ್ಕಿಂತ ಹೆಚ್ಚು ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿನ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಾಗ ಈ ಆಯ್ಕೆ ಕಠಿಣವಾಗುತ್ತದೆ. ಚಿಕ್ಕ ಟರ್ಬೋ ಕಡಿಮೆ ವೇಗದಲ್ಲಿ ಬೇಗನೆ ಒತ್ತಡ ಕೊಡುತ್ತದೆ, ಆದರೆ ಹೆಚ್ಚಿನ ವೇಗದಲ್ಲಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ದೊಡ್ಡ ಟರ್ಬೋ ಹೆಚ್ಚಿನ ವೇಗದಲ್ಲಿ ಹೇರಳ ಗಾಳಿ ಒದಗಿಸುತ್ತದೆ, ಆದರೆ ಪಟ್ಟಣದ ಸಂಚಾರದಲ್ಲಿ ಬಹುತೇಕ ನಿಷ್ಕ್ರಿಯವಾಗಿರುತ್ತದೆ. ಆದ್ದರಿಂದ ಗರಿಷ್ಠ ಅಶ್ವಶಕ್ತಿಯೊಂದನ್ನೇ ನೋಡದೆ, ಎಂಜಿನ್ನಿನ ಇಡೀ ವೇಗದ ವ್ಯಾಪ್ತಿಯನ್ನು ಪರಿಗಣಿಸಿ ಗಾತ್ರವನ್ನು ನಿರ್ಧರಿಸಲಾಗುತ್ತದೆ.

ಹಿನ್ನೆಲೆ

ನಿಷ್ಕಾಸ ಅನಿಲದ ಶಕ್ತಿಯಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಪ್ರಯಾಣಿಕ ಕಾರುಗಳಲ್ಲಿ ಇದು 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಮಾದರಿಗಳ ಮೂಲಕ ಬಳಕೆಗೆ ಬಂತು. 1970ರ ದಶಕದ ಬಿಎಂಡಬ್ಲ್ಯು 2002 ಟರ್ಬೋ ಮತ್ತು ಪೋರ್ಷೆ 911 ಟರ್ಬೋ ಕಾರುಗಳು ವೇಗಕ್ಕೆ ಹೆಸರಾದಂತೆಯೇ ಆಕ್ಸಿಲರೇಟರ್ ಒತ್ತಿದ ಬಳಿಕ ಶಕ್ತಿ ತಡವಾಗಿ ಬರುವ ‘ಟರ್ಬೋ ಲ್ಯಾಗ್’ ದೋಷಕ್ಕೂ ಹೆಸರಾದವು.

ಹೆಚ್ಚು ಸುತ್ತು ತಿರುಗುವ ಎಂಜಿನ್‌ಗಳು ಸಾಮಾನ್ಯವಾಗಿ ಟರ್ಬೋ ಇಲ್ಲದೆಯೇ ವಿನ್ಯಾಸಗೊಂಡವು. 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ 2.0 ಲೀಟರ್ ಎಂಜಿನ್ ಸುಮಾರು 9,000 ಸುತ್ತಿನವರೆಗೆ ತಿರುಗುತ್ತಿತ್ತು. ಭಾರತದಲ್ಲಿ 2000ದ ದಶಕದ ಆರಂಭದ ಹೋಂಡಾ ಸಿಟಿ ವಿಟೆಕ್ ಇದೇ ಪರಂಪರೆಯ ಕಾರು. ಇಂಥ ಎಂಜಿನ್‌ಗಳಿಗೆ ಹೊರಗಿನಿಂದ ಟರ್ಬೋ ಜೋಡಿಸುವಾಗ ಗಾತ್ರದ ಪ್ರಶ್ನೆ ಏಳುತ್ತದೆ. ಕಾರ್ಖಾನೆಯಲ್ಲಿಯೇ ಟರ್ಬೋ ಹೊಂದಿ ಬರುವ ಈಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಕಡಿಮೆ ವೇಗದ ಎಳೆತಕ್ಕೆ ಆದ್ಯತೆಯಿರುವುದರಿಂದ ಚಿಕ್ಕ ಟರ್ಬೋಗಳನ್ನೇ ಬಳಸಲಾಗುತ್ತದೆ.

ರಚನೆ

ಟರ್ಬೋಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳಿರುತ್ತವೆ. ನಿಷ್ಕಾಸ ಅನಿಲ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದರೊಂದಿಗೆ ತಿರುಗುವ ಕಂಪ್ರೆಸರ್ ಚಕ್ರ ಹೊರಗಾಳಿಯನ್ನು ಒತ್ತುತ್ತದೆ. ಕಾರುಗಳ ಟರ್ಬೋಗಳಲ್ಲಿ ದಂಡದ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ಸುಲಭವಾಗಿ ದಾಟುತ್ತದೆ. ಒತ್ತಿದಾಗ ಬಿಸಿಯಾದ ಗಾಳಿಯನ್ನು ಇಂಟರ್‌ಕೂಲರ್ ತಂಪುಗೊಳಿಸುತ್ತದೆ. ನಿಗದಿತ ಒತ್ತಡ ತಲುಪಿದ ಮೇಲೆ ವೇಸ್ಟ್‌ಗೇಟ್ ಕವಾಟ ತೆರೆದು ಹೆಚ್ಚುವರಿ ಅನಿಲವನ್ನು ಟರ್ಬೈನಿನ ಪಕ್ಕದಿಂದ ಹೊರಬಿಡುತ್ತದೆ.

ಗಾಳಿಯ ಅಗತ್ಯದ ಲೆಕ್ಕ

ಆಯ್ಕೆಯ ಮೊದಲ ಹೆಜ್ಜೆ ಎಂಜಿನ್ನಿಗೆ ಬೇಕಾದ ಗಾಳಿಯ ತೂಕವನ್ನು ಕಂಡುಕೊಳ್ಳುವುದು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದಷ್ಟು ಗಾಳಿಯನ್ನು ಸೆಳೆಯುತ್ತದೆ. ವಾಸ್ತವದಲ್ಲಿ ಸಿಲಿಂಡರ್ ಎಷ್ಟರ ಮಟ್ಟಿಗೆ ತುಂಬುತ್ತದೆ ಎಂಬುದನ್ನು ಘನಮಾನ ದಕ್ಷತೆ ಸೂಚಿಸುತ್ತದೆ.

ಉದಾಹರಣೆಗೆ 1.5 ಲೀಟರ್ ಎಂಜಿನ್ 7,500 ಸುತ್ತಿನಲ್ಲಿ 90% ಘನಮಾನ ದಕ್ಷತೆಯಿಂದ ನಿಮಿಷಕ್ಕೆ ಸುಮಾರು 5,060 ಲೀಟರ್ ಗಾಳಿ ಸೆಳೆಯುತ್ತದೆ. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ಒಟ್ಟು ಒತ್ತಡ 1.6 ಬಾರ್ ಮತ್ತು ತಾಪಮಾನ 60 ಡಿಗ್ರಿ ಸೆಲ್ಸಿಯಸ್ ಇದ್ದರೆ, ಆ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.67 ಕಿಲೋಗ್ರಾಂ. ಆಗ ಗಾಳಿಯ ಹರಿವು ನಿಮಿಷಕ್ಕೆ ಸುಮಾರು 8.5 ಕಿಲೋಗ್ರಾಂ ಆಗುತ್ತದೆ. ನಿಮಿಷಕ್ಕೆ ಒಂದು ಕಿಲೋಗ್ರಾಂ ಗಾಳಿಗೆ 20ರಿಂದ 22 ಅಶ್ವಶಕ್ತಿ ಎಂಬ ರೂಢಿಯ ಅಂದಾಜಿನಂತೆ, ಈ ಎಂಜಿನ್ 170ರಿಂದ 185 ಅಶ್ವಶಕ್ತಿ ನೀಡಬಲ್ಲದು.

ಇದೇ ಎಂಜಿನ್ 3,000 ಸುತ್ತಿನಲ್ಲಿ, ಒತ್ತಡ ಮತ್ತು ದಕ್ಷತೆಗಳು ಅಷ್ಟೇ ಇದ್ದರೆ, ನಿಮಿಷಕ್ಕೆ 3.4 ಕಿಲೋಗ್ರಾಂ ಗಾಳಿಯನ್ನು ಮಾತ್ರ ಬಳಸುತ್ತದೆ. ಆಯ್ದ ಟರ್ಬೋ 3.4 ಮತ್ತು 8.5 ಕಿಲೋಗ್ರಾಂಗಳ ನಡುವಿನ ಇಡೀ ಅಂತರವನ್ನು ನಿಭಾಯಿಸಬೇಕು. 5,500 ಸುತ್ತಿಗೆ ನಿಲ್ಲುವ ಎಂಜಿನ್ನಿಗೆ ಈ ಅಂತರ ಕಡಿಮೆ. ಹೆಚ್ಚು ಸುತ್ತಿನ ಎಂಜಿನ್ನಿಗೆ ಟರ್ಬೋ ಆರಿಸುವುದು ಕಷ್ಟವಾಗಲು ಇದೇ ಮುಖ್ಯ ಕಾರಣ.

ಕಂಪ್ರೆಸರ್ ನಕ್ಷೆ

ತಯಾರಕರು ಪ್ರತಿ ಕಂಪ್ರೆಸರಿಗೂ ಒಂದು ನಕ್ಷೆಯನ್ನು ಒದಗಿಸುತ್ತಾರೆ. ಅದರ ಅಡ್ಡ ಅಕ್ಷದಲ್ಲಿ ಗಾಳಿಯ ಹರಿವು, ಲಂಬ ಅಕ್ಷದಲ್ಲಿ ಒತ್ತಡ ಅನುಪಾತ ಇರುತ್ತವೆ. ಕಂಪ್ರೆಸರಿನಿಂದ ಹೊರಬರುವ ಗಾಳಿಯ ಒಟ್ಟು ಒತ್ತಡವನ್ನು ಒಳಹೋಗುವ ಗಾಳಿಯ ಒಟ್ಟು ಒತ್ತಡದಿಂದ ಭಾಗಿಸಿದರೆ ಒತ್ತಡ ಅನುಪಾತ ಸಿಗುತ್ತದೆ.

ನಕ್ಷೆಯ ಎಡ ಅಂಚು ಸರ್ಜ್ ರೇಖೆ. ಅದರಾಚೆ ಗಾಳಿ ಹಿಮ್ಮುಖವಾಗಿ ಮಿಡಿಯತೊಡಗಿ ಬೇರಿಂಗ್‌ಗಳಿಗೆ ಹಾನಿಯಾಗುತ್ತದೆ. ಬಲ ಅಂಚು ಚೋಕ್ ರೇಖೆ. ಅಲ್ಲಿ ಚಕ್ರ ಎಷ್ಟೇ ವೇಗವಾಗಿ ತಿರುಗಿದರೂ ಹರಿವು ಹೆಚ್ಚುವುದಿಲ್ಲ, ಗಾಳಿ ಬಿಸಿಯಾಗುತ್ತದೆ ಅಷ್ಟೆ. ನಡುವೆ ದಕ್ಷತೆಯ ವಲಯಗಳಿರುತ್ತವೆ. ಕಡಿಮೆ ವೇಗದ ಬಿಂದು ಸರ್ಜ್ ರೇಖೆಯ ಬಲಕ್ಕೆ ಬರಬೇಕು. ಗರಿಷ್ಠ ವೇಗದ ಬಿಂದು ಚೋಕ್ ರೇಖೆಗಿಂತ ಸಾಕಷ್ಟು ಎಡಕ್ಕೆ ಇರಬೇಕು. ರಸ್ತೆ ಕಾರಿಗೆ ಹೆಚ್ಚು ಬಳಕೆಯಾಗುವ ಮಧ್ಯಮ ವೇಗದ ಬಿಂದುಗಳು ಉತ್ತಮ ದಕ್ಷತೆಯ ವಲಯದಲ್ಲಿ ಬೀಳುವಂತೆ ಕಂಪ್ರೆಸರನ್ನು ಆರಿಸಲಾಗುತ್ತದೆ.

ದಕ್ಷತೆಯ ಪರಿಣಾಮ ದೊಡ್ಡದು. 42 ಡಿಗ್ರಿಯ ಹೊರಗಾಳಿಯನ್ನು 1.78ರ ಅನುಪಾತಕ್ಕೆ ಒತ್ತಿದಾಗ, 72% ದಕ್ಷತೆಯ ಕಂಪ್ರೆಸರಿನಿಂದ ಅದು ಸುಮಾರು 120 ಡಿಗ್ರಿಯಲ್ಲಿ ಹೊರಬರುತ್ತದೆ. 60% ದಕ್ಷತೆಯಾದರೆ ಸುಮಾರು 136 ಡಿಗ್ರಿಯಲ್ಲಿ. ಗಾಳಿ ಬಿಸಿಯಾದಷ್ಟೂ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ನಾಕಿಂಗ್ ಅಪಾಯ ಹೆಚ್ಚುತ್ತದೆ.

ಎತ್ತರ ಮತ್ತು ತಾಪಮಾನ

ಒಂದು ಊರಿಗೆ ಹೊಂದಿದ ಟರ್ಬೋ ಇನ್ನೊಂದು ಊರಿನಲ್ಲಿ ಅಷ್ಟೇ ಹೊಂದುತ್ತದೆ ಎನ್ನಲಾಗದು. ಕರ್ನಾಟಕದಲ್ಲಿ ಕಡಲ ಮಟ್ಟದ ಮಂಗಳೂರಿನಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನವರೆಗೆ ವ್ಯತ್ಯಾಸವಿದೆ. ಕಲಬುರಗಿ ಸೀಮೆ ಇವೆರಡರ ನಡುವಿನ ಎತ್ತರದಲ್ಲಿದ್ದರೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಯಲಿನಲ್ಲಿ ಬೇಸಿಗೆಯ ಹಗಲಿನ ತಾಪಮಾನ 40 ಡಿಗ್ರಿಯನ್ನು ದಾಟುತ್ತದೆ. ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನಲ್ಲಿ ಮೇ ತಿಂಗಳಲ್ಲಿ ಓಡುವ ಕಾರಿಗೆ ತೆಳುವಾದ ಗಾಳಿ ಮತ್ತು ಬಿಸಿ ಗಾಳಿ ಎರಡರ ಹೊರೆಯೂ ಬೀಳುತ್ತದೆ.

ಮೇಲಿನ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಒಟ್ಟು 1.6 ಬಾರ್ ಒತ್ತಡ ಉಳಿಸಿಕೊಳ್ಳಬೇಕಾದರೆ ಮೂರು ಕಡೆಗಳ ಲೆಕ್ಕ ಹೀಗಾಗುತ್ತದೆ. ಗಾಳಿ ಶೋಧಕದಲ್ಲಿ 0.02 ಬಾರ್, ಇಂಟರ್‌ಕೂಲರಿನಲ್ಲಿ 0.07 ಬಾರ್ ನಷ್ಟ ಹಿಡಿಯಲಾಗಿದೆ. ಗಾಳಿಯ ಹರಿವನ್ನು 1 ಬಾರ್ ಮತ್ತು 25 ಡಿಗ್ರಿಯ ಪ್ರಮಾಣಕ್ಕೆ ಸರಿಹೊಂದಿಸಲಾಗಿದೆ.

- ಮಂಗಳೂರು (ಕಡಲ ಮಟ್ಟ, 30 ಡಿಗ್ರಿ): ವಾತಾವರಣದ ಒತ್ತಡ 1.01 ಬಾರ್, ಒತ್ತಡ ಅನುಪಾತ 1.69, ಸರಿಹೊಂದಿಸಿದ ಹರಿವು 8.7 ಕಿಲೋಗ್ರಾಂ.
- ಕಲಬುರಗಿ ಸೀಮೆ (ಸುಮಾರು 450 ಮೀಟರ್, 42 ಡಿಗ್ರಿ): ವಾತಾವರಣದ ಒತ್ತಡ 0.96 ಬಾರ್, ಒತ್ತಡ ಅನುಪಾತ 1.78, ಸರಿಹೊಂದಿಸಿದ ಹರಿವು 9.3 ಕಿಲೋಗ್ರಾಂ.
- ಬೆಂಗಳೂರು (ಸುಮಾರು 920 ಮೀಟರ್, 28 ಡಿಗ್ರಿ): ವಾತಾವರಣದ ಒತ್ತಡ 0.91 ಬಾರ್, ಒತ್ತಡ ಅನುಪಾತ 1.88, ಸರಿಹೊಂದಿಸಿದ ಹರಿವು 9.6 ಕಿಲೋಗ್ರಾಂ.

ಶಕ್ತಿ ಹೆಚ್ಚಾಗದಿದ್ದರೂ ನಕ್ಷೆಯ ಮೇಲಿನ ಬಿಂದು ಮೇಲಕ್ಕೂ ಬಲಕ್ಕೂ ಸರಿಯುತ್ತದೆ; ಅಂದರೆ ಟರ್ಬೋ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಕಡಲ ಮಟ್ಟದ ಲೆಕ್ಕದಲ್ಲಿ ಚೋಕ್ ರೇಖೆಯ ಅಂಚಿನಲ್ಲಿದ್ದ ಚಿಕ್ಕ ಟರ್ಬೋ ಬೆಂಗಳೂರಿನಲ್ಲಿ ಮಿತಿ ಮೀರಬಹುದು. ಬೂಸ್ಟ್ ಮಾಪಕ ವಾತಾವರಣಕ್ಕಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ ತೋರಿಸುವುದರಿಂದ, 1.6 ಬಾರ್ ಒಟ್ಟು ಒತ್ತಡಕ್ಕೆ ಮಾಪಕ ಮಂಗಳೂರಿನಲ್ಲಿ ಸುಮಾರು 0.59, ಬೆಂಗಳೂರಿನಲ್ಲಿ ಸುಮಾರು 0.69 ತೋರಿಸುತ್ತದೆ. ಕಲಬುರಗಿಯಂಥ ಪ್ರದೇಶದಲ್ಲಿ ಟರ್ಬೋವಿನ ಗಾತ್ರದಷ್ಟೇ ಇಂಟರ್‌ಕೂಲರಿನ ಗಾತ್ರವೂ ಮುಖ್ಯ. ಹೊರಗಾಳಿಯೇ 42 ಡಿಗ್ರಿ ಇರುವಾಗ ಮ್ಯಾನಿಫೋಲ್ಡಿನ ಗಾಳಿಯನ್ನು 60 ಡಿಗ್ರಿಗೆ ಇಳಿಸಲು ಸಮರ್ಥ ಇಂಟರ್‌ಕೂಲರ್ ಬೇಕು.

ಟರ್ಬೈನಿನ ಗಾತ್ರ

ಕಂಪ್ರೆಸರ್ ಸರಿಯಾಗಿದ್ದರೂ ಟರ್ಬೈನ್ ಹೊಂದದಿದ್ದರೆ ಆಯ್ಕೆ ವಿಫಲವಾಗುತ್ತದೆ. ಟರ್ಬೈನ್ ಕವಚದ ಅಳತೆಯನ್ನು ಎ/ಆರ್ ಅನುಪಾತ ಸೂಚಿಸುತ್ತದೆ. ಇದು ಅನಿಲ ಹರಿಯುವ ದಾರಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ, ಆ ಅಡ್ಡಕೊಯ್ತದ ಕೇಂದ್ರವು ದಂಡದ ನಡುಗೆರೆಯಿಂದ ಇರುವ ದೂರಕ್ಕೂ ಇರುವ ಅನುಪಾತ. ಒಂದೇ ಚಕ್ರಕ್ಕೆ 0.48ರ ಕವಚ ಜೋಡಿಸಿದರೆ ಬೂಸ್ಟ್ ಬೇಗ ಬರುತ್ತದೆ, 0.82ರ ಕವಚ ಜೋಡಿಸಿದರೆ ತಡವಾಗಿ ಬಂದರೂ ಹೆಚ್ಚಿನ ವೇಗದಲ್ಲಿ ಅನಿಲ ಸರಾಗವಾಗಿ ಹೊರಹೋಗುತ್ತದೆ.

ಹೆಚ್ಚು ಸುತ್ತಿನ ಎಂಜಿನ್‌ಗಳಲ್ಲಿ ಒಳಹರಿವಿನ ಮತ್ತು ನಿಷ್ಕಾಸದ ಕವಾಟಗಳು ಏಕಕಾಲಕ್ಕೆ ತೆರೆದಿರುವ ಅವಧಿ ದೀರ್ಘ. ಟರ್ಬೈನ್ ಚಿಕ್ಕದಾಗಿ ನಿಷ್ಕಾಸದ ಹಿಂದೊತ್ತಡ ಬೂಸ್ಟ್ ಒತ್ತಡಕ್ಕಿಂತ ಬಹಳ ಹೆಚ್ಚಾದರೆ, ಆ ಅವಧಿಯಲ್ಲಿ ಸುಟ್ಟ ಅನಿಲ ಸಿಲಿಂಡರಿಗೆ ಮರಳುತ್ತದೆ. ಇದರಿಂದ ತಾಜಾ ಗಾಳಿ ಕಡಿಮೆಯಾಗಿ, ಸಿಲಿಂಡರ್ ಬಿಸಿಯೇರಿ ನಾಕಿಂಗ್ ಆರಂಭವಾಗುತ್ತದೆ. ಮಾಪಕದಲ್ಲಿ ಬೂಸ್ಟ್ ಸರಿಯಾಗಿಯೇ ಕಂಡರೂ 6,000 ಸುತ್ತಿನ ಬಳಿಕ ಶಕ್ತಿ ಕುಸಿಯಲು ಇದು ಸಾಮಾನ್ಯ ಕಾರಣ. ಇಂಥ ಎಂಜಿನ್ನಿಗೆ ಮಧ್ಯಮ ಗಾತ್ರದ ಕಂಪ್ರೆಸರಿನ ಜೊತೆ ತುಸು ದೊಡ್ಡ ಟರ್ಬೈನ್ ಕವಚವನ್ನು ಆರಿಸುವುದುಂಟು.

ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ 1 ಮತ್ತು 4, 2 ಮತ್ತು 3ನೆಯ ಸಿಲಿಂಡರ್‌ಗಳ ಅನಿಲವನ್ನು ಪ್ರತ್ಯೇಕ ದಾರಿಗಳಲ್ಲಿ ಒಯ್ಯುವ ಅವಳಿ ಸುರುಳಿಯ ಕವಚ ಈ ತೊಡಕನ್ನು ತಗ್ಗಿಸುತ್ತದೆ. ಬಾಲ್ ಬೇರಿಂಗ್ ಬಳಕೆಯಿಂದಲೂ ವಿಳಂಬ ಕಡಿಮೆಯಾಗುತ್ತದೆ.

ಎಂಜಿನ್ನಿನ ಮಿತಿಗಳು

ಟರ್ಬೋ ಇಲ್ಲದೆ ವಿನ್ಯಾಸಗೊಂಡ ಹೆಚ್ಚು ಸುತ್ತಿನ ಎಂಜಿನ್‌ಗಳ ಸಂಪೀಡನ ಅನುಪಾತ ಹೆಚ್ಚಿರುತ್ತದೆ. ಎಸ್2000 ಎಂಜಿನ್ನಿನಲ್ಲಿ ಅದು 11 ಅಥವಾ ಅದಕ್ಕೂ ಹೆಚ್ಚು. ಸಾಮಾನ್ಯ ಪೆಟ್ರೋಲಿನಲ್ಲಿ ಇಂಥ ಎಂಜಿನ್ ಹೆಚ್ಚು ಬೂಸ್ಟ್ ತಾಳಲಾರದು. ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಸಣ್ಣ ಊರುಗಳಲ್ಲಿ ಎಲ್ಲೆಡೆ ಸಿಗುವುದಿಲ್ಲ. ಆದ್ದರಿಂದ ದಿನವೂ ಸಿಗುವ ಇಂಧನದಲ್ಲಿ ಎಂಜಿನ್ ಸುರಕ್ಷಿತವಾಗಿ ತಾಳುವ ಬೂಸ್ಟ್ ಎಷ್ಟೆಂದು ಮೊದಲು ನಿಗದಿಪಡಿಸಿ, ಬಳಿಕ ಟರ್ಬೋ ಹುಡುಕುವುದು ಸರಿಯಾದ ಕ್ರಮ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ಲಚ್, ಇಂಧನ ಇಂಜೆಕ್ಟರ್ ಮತ್ತು ಬ್ರೇಕ್‌ಗಳ ಸಾಮರ್ಥ್ಯವನ್ನೂ ಪರಿಶೀಲಿಸಬೇಕಾಗುತ್ತದೆ.

ಕಾನೂನು

ಭಾರತದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿಯಿತು. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್6 ಮಾನದಂಡಕ್ಕೆ ಒಳಪಟ್ಟ ವಾಹನಕ್ಕೆ ಟರ್ಬೋ ಜೋಡಿಸಿದರೆ ಹೊಗೆಯ ಮಿತಿಯನ್ನು ಮೀರುವ ಸಾಧ್ಯತೆಯೂ ಇದೆ. ಮೂಲ ವಿನ್ಯಾಸದಲ್ಲಿಲ್ಲದ ಟರ್ಬೋ ಹೊಂದಿದ ಕಾರುಗಳನ್ನು ಈ ಕಾರಣದಿಂದ ಖಾಸಗಿ ರೇಸ್ ಪಥಗಳಲ್ಲಿ ಬಳಸುವುದು ಸೂಕ್ತವೆನಿಸುತ್ತದೆ.